ಮಾತಿನಮಲ್ಲಿಯ ಹಕ್ಕಿ ಅಂಗಡಿ

ತರಕಾರಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಬೀಗ ರಿಪೇರಿಯವನ ಪಕ್ಕಕ್ಕೆ ಅವಳ ಅಂಗಡಿ. ಇಬ್ಬರು ಗಿರಾಕಿಗಳು ಒಳಗೆ ಬಂದರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕು, ಅಷ್ಟು ಇಕ್ಕಟ್ಟು. ಎರಡೂ ಗೋಡೆಗೆ ನೆಲದಿಂದ ಸೂರಿನವರೆಗೆ ಪಂಜರದ ಮೇಲೆ ಪಂಜರ. ಮೇಲಿನವು ಹಿಕ್ಕೆ ಹಾಕಿದರೆ ಕೆಳಗಿನವುಗಳ ನೀರಿನ ಬಟ್ಟಲಿಗೆ ಬೀಳುತ್ತಿತ್ತು. ಬೆಳಿಗ್ಗೆ ಒಮ್ಮೆ ಬಟ್ಟಲು ಜಾಲಿಸಿ ಹೊಸ ನೀರು ಹಾಕಿದರೆ ಆಯಿತು ಎಂದುಕೊಂಡಿದ್ದಳು.

ಗಲ್ಲಿಯವರು ಅವಳಿಗೆ ಇಟ್ಟ ಹೆಸರು ಮಾತಿನಮಲ್ಲಿ. ಅದಕ್ಕೆ ಅವಳೇನೂ ಬೇಜಾರು ಮಾಡಿಕೊಂಡಿರಲಿಲ್ಲ. ಗಂಡ ಬಾಯಿ ಸತ್ತವನು. ಹಕ್ಕಿ ಸಾಕುವವರ ಹತ್ತಿರ ಹೋಗಿ ಹಕ್ಕಿ ತರುವುದು, ಕಾಳಿನ ಮೂಟೆ ಇಳಿಸುವುದು ಅವನ ಕೆಲಸ. ಮಾರುವುದು ಇವಳ ಪಾಲಿನದು. "ನಿನ್ನ ನಾಲಿಗೆ ಆಡ್ತಿರೋವರೆಗೂ ನಮ್ಮನೆ ಒಲೆ ಆರಲ್ಲ ಬಿಡು" ಎಂದು ಅವನೇ ಹೇಳುತ್ತಿದ್ದ. ಮೀನಿನ ತೊಟ್ಟಿ ಕೇಳಿಕೊಂಡು ಬಂದವರ ಕೈಯಲ್ಲೂ ಜೋಡಿ ಹಕ್ಕಿ ಇಟ್ಟು ಕಳಿಸುವ ಹೆಂಗಸು ಅವಳು.

ನಾಲಿಗೆಯ ಜೊತೆಗೆ ಅವಳಿಗೆ ಇನ್ನೊಂದು ವಿದ್ಯೆ ಗೊತ್ತಿತ್ತು. ಮೈ ಸರಿಯಿಲ್ಲದ ಹಕ್ಕಿ ಪುಕ್ಕ ಉಬ್ಬಿಸಿಕೊಂಡು, ಹತ್ತಿಯ ಉಂಡೆಯ ಹಾಗೆ ಮೂಲೆಯಲ್ಲಿ ತೂಕಡಿಸುತ್ತದೆ. ಗಿರಾಕಿ ಹೊಸಿಲು ತುಳಿಯುವಷ್ಟರಲ್ಲಿ ಅವಳು ಸೊಂಟದ ಬೀಗದ ಕೈ ಗೊಂಚಲು ತೆಗೆದು ಪಂಜರದ ಸರಳುಗಳ ಮೇಲೆ ಸರ್ರನೆ ಎಳೆಯುತ್ತಿದ್ದಳು. ಹೆದರಿದ ಹಕ್ಕಿ ಪುಕ್ಕ ಬಿಗಿ ಮಾಡಿ, ಕಣ್ಣರಳಿಸಿ, ಅತ್ತಿಂದಿತ್ತ ಹಾರುತ್ತಿತ್ತು. "ಏನ್ ಚುರುಕು ನೋಡಿ, ಒಂದ್ ಕಡೆ ನಿಲ್ಲಲ್ಲ!" ಅನ್ನುತ್ತಿದ್ದಳು. ಇದನ್ನು ಮೋಸ ಎಂದು ಅವಳು ಎಂದೂ ಕರೆದಿರಲಿಲ್ಲ. ತರಕಾರಿಯವನು ಬಾಡಿದ ಸೊಪ್ಪಿಗೆ ನೀರು ಚಿಮುಕಿಸುವುದಿಲ್ಲವೇ, ಹಾಗೆ.

ಕಂಡಕ್ಟರ್ ಬಂದದ್ದು ಇಂಥ ಅಂಗಡಿಗೆ. ಬಸ್ಸಿನ ಕೆಲಸದಿಂದ ನಿವೃತ್ತರಾಗಿದ್ದರೂ ಬಸ್ಸಿನ ಗಂಟಲು ಅವರನ್ನು ಬಿಟ್ಟಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹುಡುಗಿಯರಿಗೆ "ಒಳಗಡೆ ಹೋಗ್ರಮ್ಮಾ, ಒಳಗೆ ಖಾಲಿ ಇದೆ" ಎಂದೇ ಒಳಗೆ ಬಂದರು. ಇಡೀ ಅಂಗಡಿ ನಕ್ಕಿತು. ಅವರ ಹಿಂದೆ ನಿಂತಿದ್ದ ಹೆಂಡತಿ, "ನೋಡಮ್ಮಾ, ಮನೇಲಿ ಅಡುಗೆಮನೆಗೂ ಹಾಲ್‌ಗೂ ನಡುವೆ ನನ್ನನ್ನೇ ಮುಂದೆ ಹೋಗಿ ಮುಂದೆ ಹೋಗಿ ಅಂತ ತಳ್ತಾರೆ. ಒಂದು ಹಕ್ಕಿ ಕೊಡು, ಅದಕ್ಕೆ ಹೇಳ್ಕೊಳ್ಳಲಿ" ಎಂದರು.

ಶಿಳ್ಳೆ ಕಲಿಯುವ ಹಕ್ಕಿ ಬೇಕಿತ್ತು ಅವರಿಗೆ. ಅವಳು ಬೂದು ಮೈಯ, ಕೆನ್ನೆಗೆ ಕಿತ್ತಳೆ ಬಣ್ಣ ಬಳಿದಂತಿರುವ ಕಾಕಟೀಲ್ ಎಂಬ ಜುಟ್ಟಿನ ಗಿಳಿಯನ್ನು ತೋರಿಸಿದಳು. ಗಲ್ಲಿಯಲ್ಲಿ ಎಲ್ಲರೂ ಅದನ್ನು ಕಾಕ್‌ಟೇಲ್ ಅನ್ನುತ್ತಿದ್ದರು. "ಕುಡಿಯೋದು ಬಿಟ್ಟು ವರ್ಷಗಳಾಯ್ತಮ್ಮಾ" ಎಂದು ಕಂಡಕ್ಟರ್ ನಕ್ಕರು. ಆ ಹಕ್ಕಿ ಕೆಲವು ದಿನಗಳಿಂದ ಉಬ್ಬಿಕೊಂಡು ಕೂತಿತ್ತು, ಹಿಕ್ಕೆ ನೀರು ನೀರಾಗಿತ್ತು. ಅವಳಿಗೆ ಗೊತ್ತಿತ್ತು. ಬೀಗದ ಕೈ ಎಳೆದಳು, ಹಕ್ಕಿ ಹಾರಿತು, ವ್ಯಾಪಾರ ಮುಗಿಯಿತು.

ಮುಂದಿನ ವಾರ ಕಂಡಕ್ಟರ್ ಒಬ್ಬರೇ ಬಂದರು. ಅವಳು ಜಗಳಕ್ಕೆ ಸಿದ್ಧವಾಗಿ ಎದ್ದು ನಿಂತಳು. ಇಂಥ ಜಗಳದಲ್ಲಿ ಸೋತವಳಲ್ಲ. ಆದರೆ ಅವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಪ್ಪು ಮಾಡಿದ ಮಗುವಿನ ಹಾಗೆ ಕೈ ಕಟ್ಟಿ ನಿಂತರು.

"ಹಕ್ಕಿ ಹೋಯ್ತಮ್ಮಾ. ನೀನು ಸಾಕಿದ್ದ ಜೀವ, ನನ್ನ ಕೈಗೆ ಕೊಟ್ಟೆ. ನಾನು ಉಳಿಸ್ಕೊಳ್ಳಲಿಲ್ಲ. ಕ್ಷಮಿಸ್ಬೇಕು."

ಅವಳಿಗೆ ಒಂದು ಕ್ಷಣ ಮಾತು ಹೊರಡಲಿಲ್ಲ. ಆಮೇಲೆ ಹೊರಟಿತು. ಹೊರಡದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಳು.

"ಮನೇಲಿ ಸಿಗರೇಟ್ ಸೇದ್ತೀರಾ ಯಜಮಾನ್ರೇ?"

"ಬಾಲ್ಕನೀಲಿ. ಊಟ ಆದ್ಮೇಲೆ ಒಂದು."

"ಅಷ್ಟು ಸಾಕಲ್ಲ. ಹಕ್ಕಿ ಎದೆ ಅಂದ್ರೆ ಇಷ್ಟೇ ಇಷ್ಟು. ಎಣ್ಣೆ ಹೊಗೆ, ಬಾಣಲೆ ಸೀದ ಹೊಗೆ, ಯಾವುದೂ ಆಗಲ್ಲ ಅದಕ್ಕೆ. ನಿಮ್ಮ ತಪ್ಪಲ್ಲ ಬಿಡಿ, ಗೊತ್ತಿರಲಿಲ್ಲ." ಹೊಗೆ ಹಕ್ಕಿಗೆ ಆಗುವುದಿಲ್ಲ ಎಂಬುದು ನಿಜವೇ. ಆ ನಿಜದ ಸೆರಗಲ್ಲಿ ಅವಳು ತನ್ನ ಸುಳ್ಳನ್ನು ಗಂಟು ಹಾಕಿ ಕೊಟ್ಟಿದ್ದಳು. ಅವರು ಅದನ್ನು ಎರಡೂ ಕೈ ಚಾಚಿ ಇಸಕೊಂಡರು. ಹೋಗುವಾಗ ಇನ್ನೊಂದು ಹಕ್ಕಿಯನ್ನೂ ಕೊಂಡರು, ಅದೇ ಪಂಜರದ್ದು, ಬೀಗದ ಕೈ ಎಳೆದು ತೋರಿಸಿದ್ದೇ. "ಈ ಸಲ ಹಾಗಾಗಲ್ಲ ತಾಯಿ" ಎಂದು ಮಾತು ಕೊಟ್ಟು ಹೋದರು.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಇದನ್ನು ತಮಾಷೆಯಾಗಿ ಹೇಳಲು ಹೊರಟಳು. ಅರ್ಧಕ್ಕೆ ಬಂದಾಗ ತಮಾಷೆ ಎಲ್ಲಿದೆ ಎಂದು ಅವಳಿಗೇ ಸಿಗಲಿಲ್ಲ. "ಆಮೇಲೆ?" ಎಂದ ಅವನು. "ಆಮೇಲೇನು, ತಗೊಂಡು ಹೋದ್ರು" ಎಂದು ಎದ್ದು ಕೈ ತೊಳೆದಳು.

ಕಂಡಕ್ಟರ ಹೆಂಡತಿ ಬಂದದ್ದು ಒಂದು ಮಧ್ಯಾಹ್ನ, ಗಲ್ಲಿ ಖಾಲಿಯಿದ್ದ ಹೊತ್ತಿನಲ್ಲಿ. ಕಂಕುಳಲ್ಲಿ ಟವೆಲ್ ಹೊದಿಸಿದ ಸಣ್ಣ ಪಂಜರ. ಒಳಗೆ ಹಕ್ಕಿ ಬುಡದಲ್ಲಿ ಕೂತಿತ್ತು, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಆಕೆ ಹಿಂದೆ ಮುಂದೆ ನೋಡಿ ಸ್ಟೂಲ್ ಎಳೆದು ಕೂತರು.

"ಅವರಿಗೆ ಗೊತ್ತಿಲ್ಲದ ಹಾಗೆ ಬಂದಿದ್ದೀನಮ್ಮಾ. ನಿನ್ನನ್ನೊಂದು ಮಾತು ಕೇಳ್ಬೇಕು, ನಿಜ ಹೇಳು. ಮೊನ್ನೆ ಫೋನ್ ಬಂತು ಅಂತ ಹೋದೆ, ಒಲೆ ಮೇಲೆ ಬಾಣಲೆ ಸೀದು ಹೋಯ್ತು. ಮನೆ ತುಂಬಾ ಹೊಗೆ. ಅವರು ಹೊರಗೆ ಹೋಗಿದ್ರು. ಕಿಟಕಿ ಎಲ್ಲಾ ತೆಗೆದೆ, ಪಂಜರಾನ ಬಚ್ಚಲುಮನೆಗೆ ಎತ್ಕೊಂಡು ಹೋಗಿ ಇಟ್ಟೆ. ಅದಕ್ಕೇ ಇದು ಹೀಗಾಗಿದ್ಯಾ?"

ಅವಳು ಟವೆಲ್ಲಿನ ಅಂಚನ್ನು ಇನ್ನಷ್ಟು ಸರಿಸಿದಳು.

"ನೀನು ಹೇಳಿದ ಮೇಲೆ ನಾನು ಕರಿಯೋದು, ಹುರಿಯೋದು ಎಲ್ಲಾ ಬಿಟ್ಟಿದ್ದೀನಿ. ಬೇಯ್ಸಿದ್ದೇ ತಿಂತಿದ್ದೀವಿ. ಅವರು ಸಿಗರೇಟ್ ಬಿಟ್ರು. ಮದುವೆ ಆದಾಗಿಂದ ನಾನು ಹೇಳಿದ್ರೂ ಬಿಡದೇ ಇದ್ದೋರು ಒಂದು ಹಕ್ಕಿಗೋಸ್ಕರ ಬಿಟ್ರು. ಈಗ ನನ್ನಿಂದ ಹೀಗಾಯ್ತು ಅಂತ ಹೇಗೆ ಹೇಳ್ಲಿ?" ಆಕೆ ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು. "ರಾತ್ರಿ ನಿದ್ದೆ ಇಲ್ಲಮ್ಮಾ ನನಗೆ."

ಮಾತಿನಮಲ್ಲಿ ಆಕೆಯ ಮುಖ ನೋಡಲಾಗದೆ ಹಕ್ಕಿಯನ್ನು ನೋಡಿದಳು, ಹಕ್ಕಿಯನ್ನೂ ನೋಡಲಾಗದೆ ತನ್ನ ಕಾಲ ಬೆರಳುಗಳನ್ನು ನೋಡಿದಳು. "ನಿಮ್ಮಿಂದ ಅಲ್ಲಮ್ಮಾ" ಎಂಬ ಮಾತು ಗಂಟಲವರೆಗೆ ಬಂತು. ಆದರೆ ಅದನ್ನು ಆಡಿದರೆ ಮುಂದಿನ ಮಾತೂ ಆಡಬೇಕಿತ್ತು. ಊರಿಗೆಲ್ಲಾ ಮಾತು ಹಂಚುವವಳ ಹತ್ತಿರ ಆ ಒಂದು ಮಾತಿಗೆ ಬಡತನ ಬಂತು.

"ಡಾಕ್ಟರ್ ಹತ್ರ ಹೋಗೋಣ ಬನ್ನಿ" ಎಂದಷ್ಟೇ ಹೇಳಿ, ಹಾಡಹಗಲೇ ಶಟರ್ ಎಳೆದಳು. ಬೀಗ ರಿಪೇರಿಯವನು, "ಯಾರಿಗೇನಾಯ್ತು ಅಕ್ಕಾ?" ಎಂದು ಗಾಬರಿಯಿಂದ ಎದ್ದು ಬಂದ. ಅಷ್ಟು ವರ್ಷದಲ್ಲಿ ಒಂದು ಹಕ್ಕಿಯನ್ನೂ ಅವಳು ಡಾಕ್ಟರ ಹತ್ತಿರ ಒಯ್ದವಳಲ್ಲ.

ಪ್ರಾಣಿಗಳ ಆಸ್ಪತ್ರೆಯಲ್ಲಿ ನಾಯಿ, ಬೆಕ್ಕುಗಳ ನಡುವೆ ಕೂತು ಸರದಿಗೆ ಕಾದರು. ಡಾಕ್ಟರಮ್ಮ ಹಕ್ಕಿಯನ್ನು ಒಂದು ಕೈಯಲ್ಲಿ ಮೆತ್ತಗೆ ಹಿಡಿದು, ಬೆರಳಿಂದ ಎದೆ ಮುಟ್ಟಿ ನೋಡಿದರು. ಎದೆಯ ಮೂಳೆ ಚಾಕುವಿನ ಅಂಚಿನ ಹಾಗೆ ಎದ್ದಿತ್ತು. ಹಿಕ್ಕೆಯನ್ನು ಗಾಜಿನ ಮೇಲೆ ಸವರಿ ಒಳಗೆ ಹೋಗಿ ಪರೀಕ್ಷೆ ಮಾಡಿ ಬಂದರು.

"ಯಾವ ಅಂಗಡೀದು ಇದು?"

"ಇವರದೇ ಡಾಕ್ಟ್ರೇ" ಎಂದರು ಕಂಡಕ್ಟರ ಹೆಂಡತಿ. "ಪಾಪ, ಅಂಗಡಿ ಮುಚ್ಚಿ ನನ್ನ ಜೊತೆ ಬಂದಿದ್ದಾರೆ. ಇಂಥವರು ಯಾರು ಸಿಗ್ತಾರೆ ಹೇಳಿ."

ಡಾಕ್ಟರಮ್ಮ ಅವಳತ್ತ ನೋಡಿದರು. ದನಿ ಏರಿಸದೆ ಹೇಳಿದರು: "ಹೊಟ್ಟೆ ಸೋಂಕು. ತಿಂದಿದ್ದು ಮೈಗೆ ಹತ್ತಲ್ಲ. ಇಷ್ಟು ಸೊರಗಬೇಕಾದ್ರೆ ತುಂಬಾ ದಿನದಿಂದ ಇದೆ, ಇವರು ಮನೆಗೆ ತಗೊಂಡು ಹೋಗೋಕೆ ಮುಂಚಿನಿಂದ. ಒಂದರ ಹಿಕ್ಕೆ ಇನ್ನೊಂದರ ನೀರಿಗೆ ಬೀಳೋ ಕಡೆ ಹೀಗೆ ಹರಡುತ್ತೆ."

"ಅಂದ್ರೆ, ಬಾಣಲೆ ಹೊಗೆ?" ಎಂದರು ಹೆಂಡತಿ.

"ಅದರಿಂದ ಇದು ಬರಲ್ಲಮ್ಮಾ."

ಆಕೆ ನಿಧಾನವಾಗಿ ತಿರುಗಿ ಮಾತಿನಮಲ್ಲಿಯನ್ನು ನೋಡಿದರು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಲೆಕ್ಕ ತಪ್ಪಿದ ಮುದುಕಿಯೊಬ್ಬಳು ಮತ್ತೆ ಮೊದಲಿನಿಂದ ಕೂಡುವಂತೆ ನೋಡುತ್ತಿದ್ದರು, ಅಷ್ಟೇ. ಬೀದಿಗೆ ಬಂದ ಮೇಲೆ ಒಂದೇ ಮಾತು ಆಡಿದರು: "ಅವರಿಗೆ ನೀನೇ ಬಂದು ಹೇಳು."

ಹೋದಳು. ಮೂರನೆಯ ಮಹಡಿಯ ಸಣ್ಣ ಮನೆ. ಬಾಲ್ಕನಿಯಲ್ಲಿ ಬೂದಿಯ ತಟ್ಟೆಯನ್ನು ತೊಳೆದು ಅದರಲ್ಲಿ ಹಕ್ಕಿಗೆ ಕಾಳು ನೆನೆಹಾಕಿದ್ದರು. ಕಂಡಕ್ಟರ್ ಖುರ್ಚಿಯಲ್ಲಿ ಕೂತು, ಅವಳು ನಿಂತೇ ಹೇಳಿದ್ದನ್ನೆಲ್ಲಾ ಕೇಳಿಸಿಕೊಂಡರು. ಹಕ್ಕಿಗೆ ಕಾಯಿಲೆಯಿತ್ತು, ತನಗೆ ಗೊತ್ತಿತ್ತು, ಬೀಗದ ಕೈ ಎಳೆದು ಹೆದರಿಸಿ ಚುರುಕು ಅಂತ ತೋರಿಸಿದೆ.

"ಮೊದಲನೇದೂ ಹಾಗೇನಾ?"

"ಹೂಂ."

"ಮತ್ತೆ ನಾನು ಕ್ಷಮಿಸು ಅಂತ ಕೈ ಕಟ್ಟಿ ನಿಂತಾಗ?"

ಅವಳು ಬಾಲ್ಕನಿಯ ತಟ್ಟೆಯತ್ತ ಕಣ್ಣು ಹೊರಳಿಸಿದಳು. ಅವರು ಬೈಯುತ್ತಾರೆ ಎಂದು ಕಾದಳು. ಅವರು ಎದ್ದು, ಹೆಂಡತಿಯ ಕೈಯಿಂದ ಪಂಜರ ಇಸಕೊಂಡು ಒಳಗೆ ಹೋದರು. ಒಳಗಿನಿಂದಲೇ ಹೆಂಡತಿಗೆ, "ಕತ್ತಲಾಗ್ತಿದೆ, ಮೆಟ್ಟಿಲ ಹತ್ರ ಲೈಟಿಲ್ಲ, ನೋಡ್ಕೊಂಡು ಇಳೀಬೇಕು ಅಂತ ಹೇಳು ಅವರಿಗೆ" ಎಂದರು. ಅಲ್ಲಿಯವರೆಗೆ ಅಮ್ಮಾ, ತಾಯಿ ಅನ್ನುತ್ತಿದ್ದವರು "ಅವರಿಗೆ" ಎಂದಿದ್ದರು. ಮೆಟ್ಟಿಲಿಳಿಯುವಾಗ ಅವಳಿಗೆ ಯಾರೂ ಎದುರು ಬಾರದಿರಲಿ ಅನ್ನಿಸಿತು.

ಮಾರನೆಯ ದಿನ ಪಂಜರಗಳನ್ನು ಕೆಳಗಿಳಿಸತೊಡಗಿದಳು. ಗಂಡ ಕಾಳಿನ ಮೂಟೆ ಹೊತ್ತು ಬಂದವನು ಬಾಗಿಲಲ್ಲೇ ನಿಂತ.

"ಏನೇ ಇದು? ಅಂಗಡಿ ಖಾಲಿ ಮಾಡ್ತಿದ್ದೀಯಾ?"

"ಒಂದರ ಮೇಲೊಂದು ಇಡಲ್ಲ ಇನ್ಮೇಲೆ."

"ಎಲ್ಲಾ ಅಂಗಡೀಲೂ ಹೀಗೇ ಇಡೋದು. ನಾವೊಬ್ರೇ ಪುಣ್ಯಾತ್ಮರಾಗಿ ಏನು ಸಾಧಿಸ್ಬೇಕು?"

"ಪುಣ್ಯ ಎಲ್ಲಿ ಬಂತು ರೀ. ಆ ಮುದುಕ ಚಪ್ಪಲಿ ಬಿಟ್ಟು ನನ್ನ ಮುಂದೆ ನಿಂತಿದ್ರು. ಅವರ ಮುಂದೆ ನಾನು ನಿಂತಿದ್ದನ್ನ ನೀವು ನೋಡಿಲ್ಲ." ಅಷ್ಟು ಹೇಳುವಷ್ಟರಲ್ಲಿ ಅವಳ ದನಿ ಒಡೆಯಿತು. ಮದುವೆಯಾದಾಗಿನಿಂದ ಹೆಂಡತಿ ಮಾತು ನಿಲ್ಲಿಸಿ ಅತ್ತದ್ದನ್ನು ಅವನು ನೋಡಿರಲಿಲ್ಲ. ಮೂಟೆ ಇಳಿಸಿ, ಮೇಲಿನ ಸಾಲಿನ ಪಂಜರಕ್ಕೆ ಕೈ ಹಾಕಿದ. ಅದನ್ನು ನೆಲಕ್ಕಿಟ್ಟು, "ತರೋವಾಗ ಮುಟ್ಟಿ ನೋಡಿದ್ರೆ ನನಗೂ ಗೊತ್ತಾಗ್ತಿತ್ತು. ನೋಡ್ತಿರಲಿಲ್ಲ" ಎಂದ. ಇದ್ದ ಮಾತನ್ನೆಲ್ಲಾ ಹೆಂಡತಿಗೆ ಬಿಟ್ಟುಕೊಟ್ಟಿದ್ದವನಿಗೆ ಅದೇ ದೊಡ್ಡ ಮಾತು.

ಅವಳು ಕರೆದಾಗ ಡಾಕ್ಟರಮ್ಮ ಅಂಗಡಿಗೆ ಬಂದರು. ಹೊಗಳಲಿಲ್ಲ, ಹಂಗಿಸಲಿಲ್ಲ. ನುಣುಪು ಕಡ್ಡಿಯ ಮೇಲೇ ಕೂತು ಕೂತು ಹಕ್ಕಿಗಳ ಅಂಗಾಲು ಹುಣ್ಣಾಗಿದ್ದನ್ನು ತೋರಿಸಿದರು. ದಪ್ಪ ಸಣ್ಣ ಕೊಂಬೆಗಳನ್ನು ಕಡಿದು ತಂದು ಹಾಕಿ ಎಂದರು. ರೆಕ್ಕೆ ಬಿಚ್ಚಿದರೆ ಸರಳು ತಾಗದಷ್ಟು ಪಂಜರ ಅಗಲ ಇರಬೇಕು ಎಂದರು. ಹೊಸದಾಗಿ ಬಂದವನ್ನು ಬೇರೆ ಇಟ್ಟು, ಚೆನ್ನಾಗಿವೆ ಅಂತ ಗೊತ್ತಾದ ಮೇಲೆ ಉಳಿದವುಗಳ ಜೊತೆ ಬಿಡಬೇಕಿತ್ತು. ಅದಕ್ಕೆ ಗಂಡ ಮಧ್ಯಾಹ್ನ ಮಲಗುತ್ತಿದ್ದ ಹಿಂದಿನ ಕೋಣೆ ಹೋಯಿತು. ಈಗ ಅವನು ಕಾಳಿನ ಮೂಟೆಗೆ ಒರಗಿ ತೂಕಡಿಸುತ್ತಾನೆ. "ಹಕ್ಕಿಗೆ ರೂಮು, ಗಂಡನಿಗೆ ಗೋಣಿಚೀಲ" ಎಂದು ಬೀಗದವನು ಗಲ್ಲಿಯಲ್ಲೆಲ್ಲಾ ಸಾರಿದ.

ಹಕ್ಕಿಗಳು ಕಮ್ಮಿಯಾದವು, ವ್ಯಾಪಾರವೂ. ಮಾತಿನಮಲ್ಲಿಯ ಮಾತಿನ ದಿಕ್ಕೇ ತಿರುಗಿತು. ಮಗುವಿನ ಹುಟ್ಟುಹಬ್ಬಕ್ಕೆ ಅಂತ ಬಂದವರಿಗೆ, "ಮನೇಲಿ ಹಗಲು ಹೊತ್ತು ಯಾರಿರ್ತೀರಿ? ಯಾರೂ ಇಲ್ವಾ? ಹಾಗಾದ್ರೆ ಬೊಂಬೆ ತಗೊಂಡು ಹೋಗಿ" ಅನ್ನುತ್ತಿದ್ದಳು. ಎದುರು ಸಾಲಿನ ಹಕ್ಕಿ ಅಂಗಡಿಯವನು ಬಿದ್ದು ಬಿದ್ದು ನಕ್ಕ. ನಕ್ಕವನೇ, ಅವಳ ಅಂಗಡಿಯಲ್ಲಿ ಹಕ್ಕಿ ಸಾಯುವುದು ನಿಂತಿದೆ ಎಂದು ಕಂಡ ಮೇಲೆ, ಒಂದು ದಿನ ತನ್ನ ಪಂಜರಗಳ ನಡುವೆ ತಗಡಿನ ತಟ್ಟೆ ತೂರಿಸಿದ. ನೀರಿನ ಬಟ್ಟಲನ್ನು ಎತ್ತರಕ್ಕೆ ಕಟ್ಟಿದ. ಕೇಳಿದರೆ, "ನಿನ್ನ ನೋಡಿ ಅಲ್ಲ, ನಾನೇ ಯೋಚನೆ ಮಾಡಿದ್ದು" ಎಂದ. ಅವಳು ವಾದಿಸಲಿಲ್ಲ. ಯಾರಾದರೂ ಒಳ್ಳೆಯ ಕೆಲಸ ಮಾಡಿದಿರಿ ಅಂದರೆ ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಗುತ್ತಿತ್ತು. ಕೆಲವೊಮ್ಮೆ ಗಿರಾಕಿ ಬಂದಾಗ ಕೈ ತಾನಾಗಿ ಸೊಂಟದ ಗೊಂಚಲಿಗೆ ಹೋಗುತ್ತಿತ್ತು. ಬಿಸಿ ಪಾತ್ರೆ ಮುಟ್ಟಿದಂತೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ಕಂಡಕ್ಟರ ಹಕ್ಕಿ ಬದುಕಿತು. ಔಷಧಿ ಕೊಡುತ್ತಲೇ ಇರಬೇಕು, ಶಿಳ್ಳೆ ಕಲಿಯಲಿಲ್ಲ, ಆದರೆ ಭುಜದ ಮೇಲೆ ಕೂರುತ್ತದೆ ಎಂದು ಡಾಕ್ಟರಮ್ಮನಿಂದ ತಿಳಿಯಿತು. ಕಂಡಕ್ಟರ್ ಇವಳ ಅಂಗಡಿಗೆ ಮತ್ತೆ ಕಾಲಿಡಲಿಲ್ಲ. ಕಾಳು ಕೊಳ್ಳಲು ಎದುರಿನ ಅಂಗಡಿಗೆ ಬರುತ್ತಿದ್ದರು. ಅವರು ಗಲ್ಲಿಯ ತುದಿಯಲ್ಲಿ ಕಂಡರೆ ಇವಳು ಒಳಗೆ ಹೋಗಿ ಏನಾದರೂ ತೊಳೆಯುತ್ತಾ ನಿಲ್ಲುತ್ತಿದ್ದಳು.

ಒಂದು ಬೆಳಿಗ್ಗೆ ಹೊಸಿಲಲ್ಲಿ ಕೂತು ಕೊಂಬೆಗಳ ತೊಗಟೆ ಉಜ್ಜುತ್ತಿದ್ದಾಗ ಅವರು ಬಂದದ್ದು ಗೊತ್ತೇ ಆಗಲಿಲ್ಲ. ತಲೆ ಎತ್ತಿದಾಗ ಕಾಳಿನ ಪೊಟ್ಟಣ ಹಿಡಿದು ಎದುರಿನ ಅಂಗಡಿಯ ಮುಂದೆ ನಿಂತಿದ್ದರು. ಯಾರೋ ಗಂಡಹೆಂಡತಿ ಅವರನ್ನು ಕೇಳುತ್ತಿದ್ದರು, ಹಕ್ಕಿ ಎಲ್ಲಿ ಕೊಂಡರೆ ಒಳ್ಳೆಯದು ಎಂದು. ಕಂಡಕ್ಟರ್ ಅವಳ ಕಡೆ ನೋಡದೆ, ಬಸ್ಸಿನಲ್ಲಿ ಹತ್ತುವವರಿಗೆ ಸೀಟು ತೋರಿಸುವವರ ಹಾಗೆ ಕೈ ಮಾಡಿ ಅವಳ ಬಾಗಿಲು ತೋರಿಸಿದರು.

"ಅಲ್ಲಿ ಹೋಗಿ. ಅಲ್ಲಿ ಈಗ ಕಾಯಿಲೆ ಹಕ್ಕಿ ಮಾರಲ್ಲ."

ಆ "ಈಗ" ಎಂಬುದು ಗಲ್ಲಿಯಲ್ಲಿ ಇನ್ಯಾರಿಗೂ ಕೇಳಿರಲಿಕ್ಕಿಲ್ಲ. ಅವಳಿಗೆ ಮಾತ್ರ ಚೆನ್ನಾಗಿ ಕೇಳಿಸಿತು. ಅವರು ಪೊಟ್ಟಣ ಚೀಲಕ್ಕೆ ಹಾಕಿಕೊಂಡು ಹೊರಟು ಹೋದರು. ಗಂಡಹೆಂಡತಿ ಗಲ್ಲಿ ದಾಟಿ ಬಂದರು. ಅವಳು ಮಡಿಲಿನ ತೊಗಟೆ ಕೊಡವಿ ಎದ್ದು, ತಲೆ ತಗ್ಗಿಸಿಯೇ ಅವರಿಗೆ ಒಳಗೆ ಬರಲು ದಾರಿ ಬಿಟ್ಟಳು.