ಅಣ್ಣನ ಕಂಬಳಿ

ಲಿಂಗನೂರಿನ ಜ್ಯೋತೆಪ್ಪ ಇಪ್ಪತ್ತು ವರ್ಷ ಸಾಂಗ್ಲಿಯ ಪೇಟೆಯಲ್ಲಿ ಅರಿಷಿಣದ ಚೀಲ ಹೊತ್ತ ಹಮಾಲ. ಯಾವ ಸಾಬೂನಿಗೂ ಆ ವಾಸನೆ ಜಗ್ಗಲಿಲ್ಲ. ಅವನ ತಾಯಿ ಸಾವಂತ್ರವ್ವನಿಗೆ ಕಣ್ಣು ಹೋಗಿತ್ತು, ನೆನಪೂ ಹೋಗಿತ್ತು, ಉಳಿದದ್ದು ಮೂಗೊಂದೇ. ಮಗ ಹೊಸ್ತಿಲು ದಾಟುವ ಮೊದಲೇ "ಜ್ಯೋತೆಪ್ಪ ಬಂದಾ" ಅನ್ನುತ್ತಿದ್ದಳು.

ಕುರಿ ಕಾಯುತ್ತಿದ್ದವನು ಅಣ್ಣ ಬಾಬು. ಮಿರಜದ ರಸ್ತೆಯಲ್ಲಿ ಟ್ರಕ್ಕಿಗೆ ಸಿಕ್ಕು ಸತ್ತ. ಮೂರನೆಯ ದಿನ ಇಟ್ಟ ಎಡೆಯನ್ನು ಹೊತ್ತು ಇಳಿದರೂ ಕಾಗೆ ಮುಟ್ಟಲಿಲ್ಲ. "ಅವನ ಜೀವ ಅವ್ವನ ಮ್ಯಾಲ ಐತಿ" ಎಂದರು ಹಿರಿಯರು. ಸುಳ್ಳಲ್ಲ. ದಿನಾ ತಾಯಿಗೆ ತುತ್ತು ಮಾಡಿ ಉಣಿಸುತ್ತಿದ್ದವನು ಅವನೇ. ಈಗ ಯಾರು ಬಾಯಿಗೆ ಒಯ್ದರೂ ಮುದುಕಿ ತುಟಿ ತೆರೆಯಲಿಲ್ಲ.

ಹಮಾಲಿ ಬಿಟ್ಟು ಕುರಿಗಳ ಹಿಂದೆ ಬಿದ್ದ ಜ್ಯೋತೆಪ್ಪನಿಗೆ ಉಪಾಯ ಹೊಳೆದದ್ದು ದೊಡ್ಡಿಯಲ್ಲೇ. ಮರಿ ಸತ್ತ ಕುರಿ ಬೇರೆ ಮರಿಗೆ ಮೊಲೆ ಕೊಡುವುದಿಲ್ಲ. ಸತ್ತ ಮರಿಯ ತೊಗಲು ಹೊದಿಸಿ ಬಿಟ್ಟರೆ ಮೂಸಿ ನೋಡಿ ಕೊಡುತ್ತದೆ. ನಾಲ್ಕು ದಿನದ ಮೇಲೆ ತೊಗಲು ತೆಗೆದರೂ ನಡೆಯುತ್ತದೆ. ಆದರೆ ಆಮೇಲೆ ಆ ಮರಿ ತನ್ನನ್ನು ಹೆತ್ತ ಕುರಿಯ ಹತ್ತಿರ ಹೋದರೆ ಅದು ಗುರುತು ಹಿಡಿಯದೆ ಹಾಯುತ್ತದೆ. ಈ ಕೊನೆಯ ಮಾತನ್ನು ಮಾತ್ರ ಪುಣ್ಯಾತ್ಮ ಮರೆತ.

ತಂಬಾಕು ನಾರುವ ಬಾಬುವಿನ ಕಂಬಳಿ ಹೊದ್ದು ತಾಯಿಯ ಮುಂದೆ ಕೂತ. ಅವಳು ಮೂಸಿದಳು. "ಬಂದಿ ಏನಪಾ ಬಾಬು" ಎಂದು ಎರಡು ರೊಟ್ಟಿ ಉಂಡಳು. ಜ್ಯೋತೆಪ್ಪನಿಗೆ ಅಳು ತಡೆಯಲಾಗಲಿಲ್ಲ.

ತಿಂಗಳು ಕಳೆಯಿತು. ಒಂದು ಮುಂಜಾನೆ ಅವನ ಹೆಂಡತಿ ಮಂಗಲಾ ಹಿಂದೆ ಸರಿದಳು. "ಕಂಬಳಿ ತಗದ ಮ್ಯಾಲೂ ನಿಮ್ಮ ಮೈಗೆ ಭಾವಾರ ತಂಬಾಕದ ವಾಸನಿ ಬರತೈತ್ರಿ."

ಜ್ಯೋತೆಪ್ಪ ಹುಟ್ಟಿದಾಗಿನಿಂದ ತಂಬಾಕು ಮುಟ್ಟಿದವನಲ್ಲ. ಅವನಿಗೆ ಹೆದರಿಕೆಯಾಯಿತು. ತಿಕ್ಕಿ ತಿಕ್ಕಿ ಮೈ ತೊಳೆದ. ಡಬ್ಬಿಯ ಅರಿಷಿಣವನ್ನೆಲ್ಲ ಕೈಗೆ, ಕುತ್ತಿಗೆಗೆ ಬಳಿದುಕೊಂಡು ಕಂಬಳಿಯಿಲ್ಲದೆ ತಾಯಿಯ ಮುಂದೆ ಕೂತ. ಅವ್ವ ಒಂದು ಸಲ ತನ್ನ ಹೆಸರು ಹಿಡಿದು ಕರೆದರೆ ಸಾಕಿತ್ತು.

"ಯವ್ವಾ, ಯಾರ ಬಂದಾರ ಹೇಳು ನೋಡೋಣು?"

ಅವಳು ಕೈ ಮೂಸಿದಳು, ಕುತ್ತಿಗೆ ಮೂಸಿದಳು. ಮುಖ ಸಣ್ಣದಾಯಿತು.

"ಅರಿಷಿಣ ಹಚಗೊಂಡಿ ಏನೋ ಬಾಬು? ನಿನಗೂ ತಮ್ಮನ ನೆನಪಾತೇನು?"

"ನಾನ ಜ್ಯೋತೆಪ್ಪ, ಯವ್ವಾ."

"ಹಂಗ ಅನಬಾರದಪಾ. ಸತ್ತಾವರ ಹೆಸರ ಹಚಗೋಬಾರದು." ತಾಟಿನ ರೊಟ್ಟಿಯಿಂದ ಒಂದು ಚೂರು ಮುರಿದು ಅವನ ಅಂಗೈಯಲ್ಲಿಟ್ಟಳು. "ಹೋಗು, ಅವಗೊಂದು ಎಡಿ ಇಟ್ಟ ಬಾ."

ಹೆತ್ತವಳ ಮಾತು ಮೀರುವುದು ಹೇಗೆ? ಅಂಗಳದ ಗೋಡೆಯ ಮೇಲೆ ಇಟ್ಟ. ಅವನು ಕೈ ಹಿಂದಕ್ಕೆ ತೆಗೆಯುವಷ್ಟರಲ್ಲೇ ಕಾಗೆ ಬಂದು ಎತ್ತಿಕೊಂಡು ಹೋಯಿತು.