ಮೆಷಿನ್ನಿಗೆ ಸಿಕ್ಕಿ ಹರಿದದ್ದು

ನಮ್ಮ ದೊಡ್ಡಮ್ಮ ಹೊಲಿದ ಬಟ್ಟೆಯಲ್ಲಿ ಹರಿದ ಜಾಗ ಯಾವುದೆಂದು ತೋರಿಸಿದವರಿಗೆ ಒಂದು ಹೊತ್ತಿನ ಊಟ ಹಾಕಿಸುತ್ತೇನೆಂದು ನಾನು ಎಷ್ಟೋ ಜನರ ಹತ್ತಿರ ಪಂಥ ಕಟ್ಟಿದ್ದೇನೆ. ಒಮ್ಮೆಯೂ ಸೋತಿಲ್ಲ. ಆಸ್ಪತ್ರೆಗಳ ಬಟ್ಟೆ ಒಗೆದು ಕೊಡುವ ದೊಡ್ಡ ಲಾಂಡ್ರಿಯೊಂದರಲ್ಲಿ ಅವಳು ಇಪ್ಪತ್ತಾರು ವರ್ಷ ರಿಪೇರಿ ಮೇಜಿನ ಮುಂದೆ ಕೂತವಳು. ಹರಿದ ಹೊದಿಕೆ, ಡಾಕ್ಟರರ ಕೋಟು, ನಮ್ಮಂಥ ಕೆಲಸದವರ ನೀಲಿ ಮೇಲಂಗಿ, ಎಲ್ಲ ಅವಳ ಮೇಜಿಗೇ ಬರಬೇಕು. ಎಳೆಗೆ ಎಳೆ ಕೂಡಿಸಿ, ಬಣ್ಣಕ್ಕೆ ಬಣ್ಣ ಹೊಂದಿಸಿ, ಏನೂ ಆಗಿಯೇ ಇಲ್ಲವೆನ್ನುವ ಹಾಗೆ ಮಾಡಿ ವಾಪಸು ಕಳಿಸುತ್ತಿದ್ದಳು. ಆ ಕೈಚಳಕವನ್ನು ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಅದರ ನೆನಪಾದರೆ ನನಗೇ ಮೈ ಉರಿಯುತ್ತದೆ.

ನನ್ನನ್ನು ಸಾಕಿದವಳು ಅವಳೇ. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅವಳಿಗೆ ಸ್ವಂತ ಮಕ್ಕಳಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವವಳು ಅವಳು. ನನಗೆ ಹುಟ್ಟಿನಿಂದಲೂ ಬಾಯಿಗೆ ಬೀಗವಿಲ್ಲ. ಅದೇ ಲಾಂಡ್ರಿಯಲ್ಲಿ ರೋಲರ್ ಮೆಷಿನ್ನಿನ ಕೆಲಸಕ್ಕೆ ಸೇರಿದ ಮೂರನೇ ದಿನಕ್ಕೆ ನನಗೆ 'ರೇಡಿಯೊ' ಎಂದು ಹೆಸರು ಬಿತ್ತು.

ರಿಪೇರಿ ಮೇಜಿಗೆ ಒಂದು ಕಟ್ಟುನಿಟ್ಟಿತ್ತು. ಹರಿದದ್ದು ಬಂದ ಕೂಡಲೇ ಸೂಜಿ ಹಿಡಿಯುವಂತಿಲ್ಲ. ಮೊದಲು 'ಹೇಗೆ ಹರಿಯಿತು?' ಎಂದು ತಂದವರನ್ನೇ ಕೇಳಬೇಕು. ಹೆಸರು, ಕೆಲಸದ ಜಾಗ, ದಿನಾಂಕ, ಕಾರಣ ಇಷ್ಟನ್ನೂ ಚೀಟಿಯಲ್ಲಿ ಬರೆಯಬೇಕು. ಒಂದು ಪ್ರತಿ ಬಟ್ಟೆಗೆ ಪಿನ್ನು, ಇನ್ನೊಂದು ಪುಸ್ತಕದಲ್ಲೇ ಉಳಿಯುತ್ತದೆ. ಹಳತಾಗಿ, ಮೊಳೆಗೆ ಸಿಕ್ಕಿ, ಮೆಷಿನ್ನಿಗೆ ಸಿಕ್ಕಿ. ಈ ಮೂರನ್ನು ಬಿಟ್ಟು ನಾಲ್ಕನೇ ಕಾರಣ ಬರೆದದ್ದನ್ನು ಯಾರೂ ನೋಡಿರಲಿಲ್ಲ.

ಊಟದ ಕೋಣೆ ಬಾಯ್ಲರಿನ ಗೋಡೆಗೆ ಅಂಟಿಕೊಂಡಿತ್ತು. ಎರಡು ಉದ್ದನೆಯ ಬೆಂಚು, ಕೈ ತೊಳೆಯುವ ತೊಟ್ಟಿ, ಎತ್ತರದಲ್ಲಿ ಒಂದು ಟಿ.ವಿ. ಒಂದೂಕಾಲಿಗೆ ಸರಿಯಾಗಿ ಧಾರಾವಾಹಿ. ಒಂದು ದೊಡ್ಡ ಹೋಟೆಲು, ಅದರ ಮ್ಯಾನೇಜರು, ಅವನು ಒಬ್ಬೊಬ್ಬಳನ್ನೇ ತನ್ನ ಕೋಣೆಗೆ ಕರೆಸಿಕೊಂಡು ಬಾಗಿಲು ಹಾಕಿಕೊಳ್ಳುವುದು, ಹೊರಗೆ ಬಂದವಳು ಕೆಲಸದ ಭಯಕ್ಕೆ ಬಾಯಿ ಮುಚ್ಚಿಕೊಳ್ಳುವುದು. ಅದನ್ನು ನೋಡುವಾಗ ನಮ್ಮ ಶೌರ್ಯ ಹೇಳತೀರದು.

"ಅವನ ಕೈಗೆ ನನ್ನ ಇಸ್ತ್ರಿಪೆಟ್ಟಿಗೆ ಇಡ್ತೀನಿ ನೋಡು, ಬಿಸಿ ಮಾಡಿ," ಎನ್ನುತ್ತಿದ್ದಳು ಇಸ್ತ್ರಿಯಕ್ಕ. ಕೋಟುಗಳಿಗೆ ಇಸ್ತ್ರಿ ಹಾಕುವ ಅವಳ ತೋಳು ನನ್ನ ತೊಡೆಯಷ್ಟಿತ್ತು.

"ಇವಳ್ಯಾಕೆ ಕರೆದ ತಕ್ಷಣ ಹೋಗ್ಬೇಕಿತ್ತು? ಕಾಲಿಗೇನು ಹಗ್ಗ ಕಟ್ಟಿ ಎಳೆದ್ರಾ?" ಎಂದು ಡ್ರೈಯರ್ ನೋಡಿಕೊಳ್ಳುವವನು ಕೇಳುವುದು, ಅವನ ಮೇಲೆ ನಾನು ಹರಿಹಾಯುವುದು, ಅದೂ ದಿನದ ಪಾಠ.

ಇಬ್ಬರು ಮಾತ್ರ ಇದರಲ್ಲಿ ಸೇರುತ್ತಿರಲಿಲ್ಲ. ಒಬ್ಬಳು ದೊಡ್ಡಮ್ಮ. ಕಣ್ಣು ಮಂಜಾದ ಮೇಲೆ ಅವಳು ಊಟದ ಹೊತ್ತಿನ ಬೆಳಕಿನಲ್ಲೇ ಮಧ್ಯಾಹ್ನಕ್ಕೆ ಬೇಕಾದ ಇಪ್ಪತ್ತು ಸೂಜಿಗೂ ದಾರ ಪೋಣಿಸಿ ಪುಟ್ಟ ದಿಂಬಿಗೆ ಚುಚ್ಚಿಟ್ಟುಕೊಳ್ಳುತ್ತಿದ್ದಳು. ಇನ್ನೊಬ್ಬಳು ಗುಬ್ಬಿ. ಹಿಂದೆ ನನ್ನನ್ನೂ ಮೀರಿಸಿ ಕಿಚಿಪಿಚಿ ಎನ್ನುತ್ತಿದ್ದವಳು, ಅದಕ್ಕೇ ಆ ಹೆಸರು. ಹೋದ ವರ್ಷ ಮೂರು ತಿಂಗಳು ಮೇಲಿನ ಉಗ್ರಾಣದಲ್ಲಿ ಇದ್ದು ಬಂದಮೇಲೆ ಬಟ್ಟೆ ಮಡಚುವ ಮೇಜಿಗೆ ಸೇರಿದಳು, ಅಂದಿನಿಂದ ಟಿ.ವಿ.ಗೆ ಬೆನ್ನು ಹಾಕಿ, ಗೋಡೆ ನೋಡುತ್ತ ಉಣ್ಣುತ್ತಿದ್ದಳು. ಮೇಲೆ ಹೋಗಿ ಬಂದ ಜಂಬ ಎಂದು ನಾನು ಅವಳನ್ನು ಆಡಿಕೊಂಡಿದ್ದೆ.

ಮೇಲಿನ ಉಗ್ರಾಣವೆಂದರೆ ನಮಗೆಲ್ಲ ಆಸೆಯ ಜಾಗ. ಹಬೆಯಿಲ್ಲ, ಸದ್ದಿಲ್ಲ. ಒಗೆದ ಬಟ್ಟೆಯನ್ನು ಕಪಾಟಿನಲ್ಲಿ ಜೋಡಿಸುವುದಷ್ಟೇ ಕೆಲಸ. ಒಂದು ಸಲಕ್ಕೆ ಒಬ್ಬಳೇ. ಯಾರು ಹೋಗಬೇಕೆಂದು ಹೇಳುವವರು ಬೀಗದ ಸಾಹೇಬರು, ನಮ್ಮ ಮೇಲ್ವಿಚಾರಕರು. ಆ ಕೋಣೆಯ ಬೀಗದ ಕೈ ಅವರೊಬ್ಬರ ಹತ್ತಿರವೇ ಇರುತ್ತಿತ್ತು. ಗೊಂಚಲು ಸದ್ದಾಗದ ಹಾಗೆ ಮುಷ್ಟಿಯಲ್ಲಿ ಹಿಡಿದುಕೊಂಡು ನಡೆಯುವುದು ಅವರ ಅಭ್ಯಾಸ. ಮೆತ್ತನೆಯ ರಬ್ಬರಿನ ಚಪ್ಪಲಿ. ಅವರು ಬಂದದ್ದು ಬೆನ್ನ ಹಿಂದೆ ದನಿ ಕೇಳಿದಾಗಲೇ ತಿಳಿಯುತ್ತಿತ್ತು.

ಈ ಧಾರಾವಾಹಿ ಶುರುವಾದ ಮೇಲೆ ಅವರೂ ಬಾಗಿಲಲ್ಲಿ ಬಂದು ನಿಲ್ಲುವುದನ್ನು ರೂಢಿ ಮಾಡಿಕೊಂಡರು. "ಏನಮ್ಮ, ಇವತ್ತೇನಾಯ್ತು?" ಎಂದು ಕೇಳುವರು. ನಾವು ಮುಗಿಬಿದ್ದು ಕಥೆ ಹೇಳುವೆವು. ಅವರು ಪರದೆಯನ್ನು ನೋಡುವುದಕ್ಕಿಂತ ನಮ್ಮ ಮುಖಗಳನ್ನೇ ಒಂದೊಂದಾಗಿ ನೋಡುತ್ತಿದ್ದರು. ಯಾರು ಬೈದರು, ಯಾರು ನಕ್ಕರು, ಯಾರು ಸುಮ್ಮನಿದ್ದರು. ಎಷ್ಟು ಸರಳ ಮನುಷ್ಯ, ನಮ್ಮ ಜೊತೆ ನಿಂತು ಟಿ.ವಿ. ನೋಡುತ್ತಾರಲ್ಲ ಎಂದು ನಾನು ಹೊಗಳಿದವಳು. ನನಗೆ ಕೆಲಸ ಕೊಡಿಸಿದ್ದೂ ಅವರೇ, ದೊಡ್ಡಮ್ಮನ ಒಂದು ಕಣ್ಣಿನ ಆಪರೇಷನ್ನಿಗೆ ರಜೆ ಕೊಟ್ಟದ್ದೂ ಅವರೇ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ದೊಡ್ಡಮ್ಮ ಆಗಾಗ ಹೇಳುತ್ತಿದ್ದಳು.

ಒಂದು ಶುಕ್ರವಾರ ಧಾರಾವಾಹಿಯಲ್ಲಿ ಹೊಸ ಪಾತ್ರವೊಂದು ಬಂತು. ಹೋಟೆಲಿನ ಬಟ್ಟೆ ಹೊಲಿಯುವ ಮುದುಕಿ. ಮ್ಯಾನೇಜರನ ಕೋಣೆಯಿಂದ ಬಂದ ಹುಡುಗಿಯ ತೋಳು ಹರಿದಿದೆ. ಮುದುಕಿ ಒಂದು ಮಾತೂ ಕೇಳದೆ ಅದನ್ನು ಹೊಲಿದು, ಹಲ್ಲಿನಲ್ಲಿ ದಾರ ಕಡಿದು, "ಬಾಗಿಲಿಗೆ ಸಿಕ್ತೇನೋ" ಎಂದು ಬೆನ್ನು ತಟ್ಟಿ ಕಳಿಸುತ್ತಾಳೆ.

ಸೂರು ಕಿತ್ತುಹೋಗುವ ಹಾಗೆ ಗಲಾಟೆ ಎದ್ದಿತು. ಅಷ್ಟು ದಿನ ಮ್ಯಾನೇಜರನಿಗೆ ಬೈದದ್ದು ಅದರ ಮುಂದೆ ಏನೂ ಅಲ್ಲ.

"ಅವನಾದ್ರೂ ಕಚ್ಚೋ ನಾಯಿ, ಕಚ್ತಾನೆ," ಎಂದು ಇಸ್ತ್ರಿಯಕ್ಕ ಎದ್ದೇ ನಿಂತಳು. "ಇವಳಿಗೇನು ಬಂತು ರೋಗ? ಹೆಂಗಸಾಗಿ ಹೆಂಗಸಿನ ಗಾಯ ಮುಚ್ಚಿಟ್ಟಳಲ್ಲ!"

"ಮೊದಲು ಆ ಮುದುಕಿ ಕೈ ಕಡೀಬೇಕು," ಎಂದೆ ನಾನು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವಳು ನಾನೇ. "ಅವಳು ಹೊಲಿಯೋದಕ್ಕೇ ಅವನು ಹರೀತಿರೋದು!"

ಎಲ್ಲರೂ ಹೋ ಎಂದರು. ಮಾತು ಚೆನ್ನಾಗಿ ಬಿತ್ತೆಂದು ನಾನು ಬೀಗುತ್ತ ಈಚೆ ತಿರುಗಿದೆ. ದೊಡ್ಡಮ್ಮನ ಕೈಯಲ್ಲಿದ್ದ ಸೂಜಿ ಹಾಗೇ ನಿಂತಿತ್ತು. ಗುಬ್ಬಿ ಮೊದಲ ಸಲ ಗೋಡೆ ಬಿಟ್ಟು ಈ ಕಡೆ ನೋಡುತ್ತಿದ್ದಳು. ಅವಳು ನೋಡುತ್ತಿದ್ದದ್ದು ಟಿ.ವಿ.ಯನ್ನಲ್ಲ, ದೊಡ್ಡಮ್ಮನನ್ನು. ಬಾಗಿಲಲ್ಲಿದ್ದ ಸಾಹೇಬರೂ ದೊಡ್ಡಮ್ಮನನ್ನೇ ನೋಡುತ್ತಿದ್ದರು. ಆವತ್ತು ಅವರು ಏನಾಯ್ತೆಂದು ಕೇಳಲಿಲ್ಲ.

ಸಂಜೆ ನಾಲ್ಕಕ್ಕೆ ಅವರು ರಿಪೇರಿ ಮೇಜಿಗೆ ಬಂದರು. ನಾನು ಹರಿದ ಹೊದಿಕೆಗಳನ್ನು ಕೊಡಲು ಅಲ್ಲೇ ನಿಂತಿದ್ದೆ.

"ಸೋಮವಾರ ಊಟ ಆದ್ಮೇಲೆ ನಿಮ್ಮ ಹುಡುಗಿ ಮೇಲಿನ ಕೆಲಸಕ್ಕೆ ಬರ್ಲಿ ಅಮ್ಮ," ಎಂದರು. "ಕಾಲ ಸರಿ ಇಲ್ಲ. ಟಿ.ವಿ. ನೋಡಿ ಜನ ಏನೇನೋ ಮಾತಾಡ್ತಾರೆ. ಅಲ್ಲಿಗೆ ನಮ್ಮವರೇ ಅಂತ ಒಬ್ರು ಇದ್ರೆ ವಾಸಿ. ನಿಮ್ಮ ಬಾಯಿ ಬಗ್ಗೆ ನನಗೆ ನಂಬಿಕೆ ಇದೆ." ಮುಷ್ಟಿಯಲ್ಲಿದ್ದ ಗೊಂಚಲನ್ನು ಮೇಜಿನ ಮೇಲೆ ಸದ್ದಿಲ್ಲದೆ ಇಟ್ಟು, ಮತ್ತೆ ಸದ್ದಿಲ್ಲದೆ ಎತ್ತಿಕೊಂಡು ಹೋದರು.

ನನಗೆ ಸ್ವರ್ಗ ಮೂರೇ ಗೇಣು. ಮನೆಗೆ ಬಂದವಳೇ ಕುಣಿದೆ. ದೊಡ್ಡಮ್ಮ ಒಣಗಿದ ಬಟ್ಟೆ ಮಡಚುತ್ತ ಕೂತಿದ್ದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು.

"ಹೋಗ್ಬೇಡ," ಎಂದಳು.

"ಯಾಕೆ?"

"ಬೇಡ ಅಂದ್ರೆ ಬೇಡ."

"ನಿನಗೆ ಹೊಟ್ಟೆಕಿಚ್ಚು! ನೀನು ಇಪ್ಪತ್ತಾರು ವರ್ಷ ಕೂತಲ್ಲೇ ಕೂತೆ ಅಂತ ನಾನೂ ಹಬೇಲಿ ಬೇಯ್ಬೇಕಾ?"

ಅವಳಿಗೆ ಕೋಪ ಬರಲಿಲ್ಲ. ಬಂದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟು ಕೇಳಿದಳು, "ಮೇಲೆ ಉಗ್ರಾಣದಲ್ಲಿ ಎಷ್ಟು ಮೆಷಿನ್ನಿದೆ ಹೇಳು?"

"ಒಂದೂ ಇಲ್ಲ. ಬರೀ ಕಪಾಟು. ಎಲ್ಲರಿಗೂ ಗೊತ್ತಿರೋದೇ ಅಲ್ವಾ?"

"ಅಲ್ಲಿಂದ ಬಂದ ಮೇಲಂಗಿಗಳಿಗೆ ಮೆಷಿನ್ನಿಗೆ ಸಿಕ್ಕಿ ಅಂತ ಆರು ಚೀಟಿ ಬರೆದಿದ್ದೀನಿ," ಎಂದಳು ದೊಡ್ಡಮ್ಮ. "ನಾಲ್ಕು ವರ್ಷದಲ್ಲಿ ಆರು. ಕತ್ತಿನ ಹತ್ರ ಮೂರು, ತೋಳು ಎರಡು, ಗುಂಡಿ ಕಿತ್ತು ಬಂದದ್ದು ಒಂದು."

ನಾನು ಅವಳ ಎದುರಿಗೆ ಕೂತೆ.

"ಗುಬ್ಬಿ ಬಂದಾಗ ಕೇಳ್ದೆ, ಹೇಗೆ ಹರೀತೇ ಅಂತ. ಕೇಳ್ಲೇಬೇಕಲ್ಲ, ಅದು ಕೆಲಸ. ಹೇಳೋಕೆ ಅಂತ ಬಾಯಿ ತೆರೆದ್ಲು ಕಣೇ. ತೆರೆದಿದ್ಲು. ಅಷ್ಟರಲ್ಲಿ ನಾನೇ ಹೇಳ್ಬಿಟ್ಟೆ, ಮೆಷಿನ್ನಿಗೆ ಸಿಕ್ತಾ ಅಂತ. ಅವಳು ಹೂಂ ಅಂದ್ಲು."

ಮಧ್ಯಾಹ್ನ ನಾನು ಆಡಿದ್ದು ನೆನಪಾಯಿತು. ಅದನ್ನು ವಾಪಸು ನುಂಗಲು ಆಗುತ್ತಿದ್ದರೆ ಸೂಜಿ ಸಮೇತ ನುಂಗುತ್ತಿದ್ದೆ. "ನಾನು ಬರಲ್ಲ ಅಂತ ಹೇಳ್ಬಿಡ್ತೀನಿ ದೊಡ್ಡಮ್ಮ. ಕೆಲಸ ಹೋದ್ರೆ ಹೋಗ್ಲಿ," ಎಂದೆ.

"ನೀನು ಹೋಗ್ದಿದ್ರೆ ಇನ್ನೊಬ್ಳು ಹೋಗ್ತಾಳೆ. ಅವಳ ಮೇಲಂಗಿಯೂ ನನ್ನ ಮೇಜಿಗೇ ಬರುತ್ತೆ." ಇಷ್ಟು ಹೇಳಿ ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಸೋಮವಾರ ಒಂದೂಕಾಲಿಗೆ ದೊಡ್ಡಮ್ಮ ಊಟದ ಕೋಣೆಗೆ ಬಂದಾಗ ಅವಳ ಕೈಯಲ್ಲಿ ಸೂಜಿಯ ದಿಂಬು ಇರಲಿಲ್ಲ. ಚೀಟಿ ಪುಸ್ತಕವಿತ್ತು. ಆರು ಕಡೆ ಗುರುತಿಗೆ ಕೆಂಪು ದಾರ ಇಟ್ಟಿದ್ದಳು. ಪರದೆಯ ಮೇಲೆ ಅದೇ ಮುದುಕಿ ಮತ್ತೆ ಬಂದಿದ್ದಳು. ಇಸ್ತ್ರಿಯಕ್ಕ ಬೈಗುಳಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.

"ನನ್ನ ಕಣ್ಣಿಗೆ ಅಕ್ಷರ ಸರಿಯಾಗಿ ಕಾಣಲ್ಲ. ನೀನು ಓದು," ಎಂದು ದೊಡ್ಡಮ್ಮ ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿದಳು. "ಹೆಸರು ಬಿಟ್ಟು ಓದು."

"ಇಲ್ಲೇನಾ?"

"ಇಲ್ಲೇ. ಎಲ್ಲರೂ ಇದ್ದಾರಲ್ಲ."

ರೇಡಿಯೊ ಎನ್ನಿಸಿಕೊಂಡವಳಿಗೆ ಆವತ್ತು ಓದುವ ಕೆಲಸ ಬಿತ್ತು. ಮೊದಲ ಕೆಂಪು ದಾರದ ಹಾಳೆ ತೆಗೆದೆ. 'ಮೆಷಿನ್ನಿಗೆ ಸಿಕ್ಕಿ' ಎಂಬುದನ್ನು ಅವಳು ಹೊಡೆದುಹಾಕಿ, ಕೆಳಗೆ ಬೇರೆ ಬರೆದಿದ್ದಳು. ದಿನಾಂಕ ಓದಿದೆ. ಆಮೇಲೆ ಅದನ್ನು ಓದಿದೆ: "ಮೊದಲು ಬರೆದದ್ದು ಸುಳ್ಳು. ಮೇಲಿನ ಉಗ್ರಾಣದಲ್ಲಿ ಮೆಷಿನ್ನಿಲ್ಲ. ಅಲ್ಲಿನ ಬೀಗದ ಕೈ ಮೇಲ್ವಿಚಾರಕರ ಹತ್ತಿರ ಮಾತ್ರ ಇರುತ್ತದೆ. ಇದು ಕೈಯಿಂದ ಎಳೆದು ಹರಿದದ್ದು. ಗೊತ್ತಿದ್ದೂ ಹೊಲಿದು ಕೊಟ್ಟವಳು ನಾನು."

ಧಾರಾವಾಹಿಯ ಮ್ಯಾನೇಜರನಿಗೆ ಬಿಸಿ ಇಸ್ತ್ರಿಪೆಟ್ಟಿಗೆ ಇಡಲು ಹೊರಟಿದ್ದ ಕೋಣೆ ಅದು. ಡ್ರೈಯರಿನವನು ತನ್ನ ಡಬ್ಬಿಯ ತಳವನ್ನು ನೋಡುತ್ತಿದ್ದ. ಇಸ್ತ್ರಿಯಕ್ಕ ನನ್ನ ಬೆನ್ನ ಹಿಂದೆ ಬಾಗಿಲನ್ನು ನೋಡಿದಳು, ಅವಳ ಮುಖದ ಬಣ್ಣ ಇಳಿಯಿತು. ನಾನು ತಿರುಗಬೇಕಾಗಿರಲಿಲ್ಲ.

"ಏನಮ್ಮ, ಇವತ್ತೇನಾಯ್ತು?" ಎಂದರು ಸಾಹೇಬರು.

ಯಾರೂ ಕಥೆ ಹೇಳಲಿಲ್ಲ. ಅವರು ಒಳಗೆ ಬಂದು ಟಿ.ವಿ. ಆರಿಸಿದರು. ದೊಡ್ಡಮ್ಮ ದಿನವೂ ಕೂರುತ್ತಿದ್ದ ಬೆಂಚಿನ ತುದಿಯಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿಕೊಂಡರು. "ಓದಮ್ಮ. ನಿಧಾನಕ್ಕೆ ಓದು. ಯಾರ್ಯಾರು ಕೂತು ಕೇಳಿಸ್ಕೊಳ್ತಾರೆ, ನಾನೂ ನೋಡ್ತೀನಿ." ಮುಖಗಳನ್ನು ಒಂದೊಂದಾಗಿ ನೋಡಲು ಶುರುಮಾಡಿದರು.

ಹಿಂದಿನ ಸಾಲಿನಲ್ಲಿ ಡಬ್ಬಿ ಮುಚ್ಚುವ ಸದ್ದಾಯಿತು. ಇಬ್ಬರು ತಲೆ ತಗ್ಗಿಸಿಕೊಂಡು ಎದ್ದು ಹೋದರು. ಆಮೇಲೆ ಇನ್ನೊಬ್ಬಳು. ದೊಡ್ಡಮ್ಮ ನಿಂತೇ ಇದ್ದಳು. ಈ ಜನರ ಮೇಲೆ, ನನ್ನ ಮೇಲೆ, ಆ ಆರಿದ ಪರದೆಯ ಮೇಲೆ ನನಗೆ ಸಿಟ್ಟು ಬಂತು. ಎರಡನೇ ಕೆಂಪು ದಾರ ಎಳೆದೆ. ಹೆಸರು ಗುಬ್ಬಿಯದು. ಅದನ್ನು ಬೆರಳಿನಲ್ಲಿ ಮುಚ್ಚಿಕೊಂಡು ದಿನಾಂಕ ಓದಿದೆ.

"ನಿಲ್ಸು," ಎಂದಿತು ಗೋಡೆಯ ಕಡೆಯ ದನಿ.

ಗುಬ್ಬಿ ಬೆಂಚಿನ ಮೇಲೆ ಪೂರ್ತಿ ಈಚೆ ತಿರುಗಿ ಕೂತಿದ್ದಳು. ಸಾಹೇಬರನ್ನು ನೋಡಲಿಲ್ಲ. ದೊಡ್ಡಮ್ಮನನ್ನೇ ನೋಡುತ್ತ ಹೇಳಿದಳು, "ಅದು ನನ್ನ ಚೀಟಿ. ಹೇಗೆ ಹರೀತು ಅಂತ ಇನ್ನೊಂದ್ಸಲ ಕೇಳಿ ದೊಡ್ಡಮ್ಮ. ಹೇಳ್ತೀನಿ."

"ಹೇಗೆ ಹರೀತು ಮಗಳೇ?" ಎಂದಳು ದೊಡ್ಡಮ್ಮ.

ಬೆಂಚಿನ ತುದಿಯಲ್ಲಿ ಸಾಹೇಬರ ಮುಷ್ಟಿ ಸಡಿಲಿತು. ಬೀಗದ ಕೈಗಳು ಸದ್ದು ಮಾಡಿದವು. ಅಷ್ಟು ವರ್ಷದಲ್ಲಿ ಆ ಸದ್ದನ್ನು ನಾನು ಕೇಳಿದ್ದು ಅದೇ ಮೊದಲು.