ಮುಂಡರಗಿಯಲ್ಲಿ ಹೋದ ಅರ್ಧ ತಾಸು

ಗಡಿಯಾರವನ್ನೇ ನಂಬದವನು ದೆವ್ವ-ಭೂತ ನಂಬುವುದುಂಟೇ? ಸಂಶಯಪಡುವುದೇ ನನ್ನ ಹೊಟ್ಟೆಪಾಡು. ದಾರಿ ತೋರಿಸುವ ಉಪಗ್ರಹಗಳಿಗೆ ಪರಮಾಣು ಗಡಿಯಾರ ಆರಿಸುವ ತಂಡದಲ್ಲಿದ್ದೆ. ಅವು ಚೂರು ತಪ್ಪಿದರೂ ನೆಲದ ಮೇಲೆ ನಾವು ನಿಂತ ಜಾಗವೇ ತಪ್ಪಿ ತೋರುತ್ತದೆ. ಆ ಸಲ ಪರೀಕ್ಷೆಗಿದ್ದ ಮೂರರಲ್ಲಿ ಎರಡು ಒಂದೇ ಹೊತ್ತು ತೋರುತ್ತಿದ್ದವು, ಒಂದು ಬೇರೆ. ಒಬ್ಬಂಟಿಯದೇ ಸುಳ್ಳೆಂದು ತೀರ್ಮಾನಿಸಿ, ಅದನ್ನು ಕೈಬಿಡಲು ಮರುದಿನ ಬೆಂಗಳೂರಿನ ಸಭೆಯಲ್ಲಿ ಸಹಿ ಹಾಕುವವನಿದ್ದೆ.

ಗದಗ ಜಿಲ್ಲೆಯಾಗಿ ಆಗ ಹತ್ತು-ಹನ್ನೆರಡು ವರ್ಷ. ಮುಂಡರಗಿಯ ಸೋದರಮಾವನ ಮಗಳ ನಿಶ್ಚಯಕ್ಕೆ ಹೋಗಿದ್ದೆ. ಸಂಜೆ ಗದಗಿನಲ್ಲಿ ರೈಲು ಹಿಡಿಯಬೇಕಿತ್ತು. ಪಡಸಾಲೆಯ ಗೋಡೆ ಗಡಿಯಾರ ನನ್ನ ಕೈಗಡಿಯಾರಕ್ಕಿಂತ ಅರ್ಧ ತಾಸು ಮುಂದಿತ್ತು. ಅಡುಗೆಮನೆಯ ಅಲಾರಾಂ ನೋಡಿದೆ, ಮಾವನ ಕೈಗಡಿಯಾರ ನೋಡಿದೆ; ಎರಡೂ ನನ್ನದರ ಪಕ್ಷ.

"ಏಳೋ, ಬಸ್ ತಪ್ಪತೈತಿ ನೋಡು," ಎಂದು ಮಾವ ಅವಸರ ಮಾಡಿದರು.

"ಮಾವಾ, ನಿಮ್ಮ ಗೋಡಿ ಗಡಿಯಾರಕ್ಕ ಅರಳು ಮರಳು ಹಿಡದೈತಿರಿ," ಎಂದು ನಕ್ಕು, ಅತ್ತೆಯಿಂದ ಇನ್ನಷ್ಟು ಗಿರಮಿಟ್ಟು ಹಾಕಿಸಿಕೊಂಡೆ.

ಗದಗ ಮುಟ್ಟಿದಾಗ ರೈಲು ಹೋಗಿಬಿಟ್ಟಿತ್ತು. ನಿಲ್ದಾಣದ ಗಡಿಯಾರಕ್ಕಿಂತ ನನ್ನದು ಅರ್ಧ ತಾಸು ಹಿಂದೆ. ಗೋಡೆ ಗಡಿಯಾರವೇ ಸರಿ! ಎಲಾ ಮಾವ, ನನ್ನನ್ನು ಉಳಿಸಿಕೊಳ್ಳಲು ಎಲ್ಲದರ ಮುಳ್ಳು ತಿರುಗಿಸಿದ್ದಾರೆ, ಅವಸರ ಮಾಡಿದ್ದೂ ನಾಟಕವೇ ಎಂದು ಮೈ ಉರಿಯಿತು. ಬೂತಿನಿಂದ ಫೋನು ಮಾಡಿ ರೇಗಿದೆ.

"ಲೇ, ನಿನ್ನ ಕೈಯಾಗಿಂದು ನಾ ಹ್ಯಾಂಗ ತಿರವಲೋ?"

ಅದೂ ನಿಜ. ಬೆಳಗಿನಿಂದ ಅದನ್ನು ಬಿಚ್ಚಿಯೇ ಇರಲಿಲ್ಲ.

ಇಲ್ಲಿ ಮೂರು ಒಂದಾಗಿ ಸುಳ್ಳು ಹೇಳಬಹುದಾದರೆ ನಮ್ಮ ಪರೀಕ್ಷೆಯ ಆ ಎರಡು ಹೇಳಲಾರವೇ? ಈ ಗುಮಾನಿ ನನ್ನನ್ನು ಬಿಡಲಿಲ್ಲ. ಕಚೇರಿಗೂ ಫೋನು ಮಾಡಿ, ಮರುಪರೀಕ್ಷೆಯಾಗಲೇಬೇಕೆಂದು ಹಟ ಹಿಡಿದೆ. ಪರೀಕ್ಷಿಸಿ ನೋಡಿದರೆ, ಆ ಎರಡಕ್ಕೂ ಒಂದೇ ಕಡೆಯಿಂದ ಬರುತ್ತಿದ್ದ ವಿದ್ಯುತ್ತಿನಲ್ಲಿ ದೋಷವಿತ್ತು, ಜೊತೆಜೊತೆಯಾಗಿ ತಪ್ಪುತ್ತಿದ್ದವು. ಕೊನೆಗೆ ಉಪಗ್ರಹ ಏರಿದ್ದು ಆ ಒಬ್ಬಂಟಿಯೇ.

ಮದುವೆಗೆ ಹೋದಾಗ ಗೋಡೆ ಗಡಿಯಾರಕ್ಕೆ ಕೈಮುಗಿದೆ. "ಅತ್ತಿ, ಈ ಮನ್ಯಾಗ ಖರೆ ಹೇಳೋದು ಇದೊಂದ ನೋಡ್ರಿ."

ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. "ಅದೆಲ್ಲಿ ಖರೆ ಹೇಳತೈತೋ? ಬಸ್ ತಪ್ಪಬಾರದಂತ ನಿಮ್ಮ ಮಾವ ಅದನ್ನ ಯಾವಾಗ್ಲೂ ಅರ್ಧ ತಾಸು ಮುಂದ ಇಟ್ಟಿರತಾರ."

ಮುಗಿದ ಕೈ ಹಾಗೆಯೇ ನಿಂತಿತು. ಅಂದು ಅದು ನಿಲ್ದಾಣದ ಹೊತ್ತನ್ನೇ ತೋರಿಸಿತ್ತಲ್ಲ! ಮುಂದಿಟ್ಟ ಗಡಿಯಾರ ಸರಿಯಾದ ಹೊತ್ತು ತೋರಿತ್ತೆಂದರೆ, ಅದೂ ಅಂದು ಅರ್ಧ ತಾಸು ಹಿಂದೆ ಬಿದ್ದಿತ್ತು. ನಾಲ್ಕಕ್ಕೆ ನಾಲ್ಕೂ. ಹೊರಗೆ ಅರ್ಧ ತಾಸು ನಡೆದುಹೋಗಿದೆ, ಆ ಮನೆಯೊಳಗೆ ನಡೆದೇ ಇಲ್ಲ. ಹೇಗೆಂದು ನನ್ನನ್ನು ಕೇಳಬೇಡಿ. ಈಗಲೂ ಆ ಮನೆಯಿಂದ ಹೊರಬಂದೊಡನೆ, ಬೀದಿಯಲ್ಲಿ ಮೊದಲು ಸಿಕ್ಕವರನ್ನು ನಿಲ್ಲಿಸಿ ಟೈಮೆಷ್ಟು ಎಂದು ಕೇಳುತ್ತೇನೆ.